ಒಂದು ಮನೆಗೆ ಒಂದು ಸೂಜಿ

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮುಂಚೆ ನಾನೇ ಹೇಳಿಬಿಡುವುದು ಒಳ್ಳೆಯದು. ನಂಜನಗೂಡಿನಿಂದ ಸುತ್ತೂರಿನ ಮೇಲೆ ತಿ. ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೇನೆ. ಬಾಗಿಲಲ್ಲಿ ನೇತಾಡುವ ಹುಡುಗರನ್ನು ಒಳಗೆ ತಳ್ಳುವುದಕ್ಕೂ, ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ಹೆಂಗಸರಿಗೆ ನ್ಯಾಯ ಹೇಳುವುದಕ್ಕೂ ಇಂಥ ಬಾಯಿಯೇ ಬೇಕು. ಹುಟ್ಟುತ್ತಲೇ ಬಂದದ್ದು ಅದು. ಅಪ್ಪ ಸತ್ತ ಮೇಲೆ ಇನ್ನಷ್ಟು ಹರಿತವಾಯಿತು.

ಅಪ್ಪ ಬೆಟ್ಟಯ್ಯ ನೀರಗಂಟಿ. ನಾಲೆಯ ನೀರನ್ನು ಯಾರ ಗದ್ದೆಗೆ ಯಾವಾಗ ಬಿಡಬೇಕು, ಯಾವ ತೂಬು ಯಾವಾಗ ಮುಚ್ಚಬೇಕು ಎಂದು ನೋಡಿಕೊಳ್ಳುವ ಕೆಲಸ. ಸುತ್ತೂರು ದಾಟಿ ಸ್ವಲ್ಪ ಆಚೆಗೆ ನಮ್ಮೂರು. ನಮ್ಮ ಬೀದಿಯವರು ಬುದ್ಧನನ್ನು ನಂಬಿದವರು. ಭಾನುವಾರ ಅಂಬೇಡ್ಕರ್ ಭವನದಲ್ಲಿ ಬಿಳಿ ಬಟ್ಟೆ ಉಟ್ಟುಕೊಂಡು ಎಲ್ಲರಿಗೂ ಪಂಚಶೀಲ ಹೇಳಿಕೊಡುತ್ತಿದ್ದವನು ನನ್ನಪ್ಪ. ಮದ್ಯ ಮುಟ್ಟುವುದಿಲ್ಲ ಎಂಬ ಐದನೆಯ ಶೀಲ ಬಂದಾಗ ಕೊಂಚ ತಡೆದು, ಹಿಂದಿನ ಸಾಲಿನ ಗಂಡಸರ ಕಡೆ ಒಂದು ನೋಟ ಬೀರಿ, ಆಮೇಲೆ ಹೇಳುತ್ತಿದ್ದ. ಅವರು ನೆಲ ನೋಡುತ್ತಿದ್ದರು.

ಅಂಥವನಿಗೆ ಹೊಟ್ಟೆ ಊದಿಕೊಂಡಿತು. ಕಾಲು ಬಾತವು. ಮೈಸೂರಿನ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಸ್ಕ್ಯಾನಿಂಗ್ ನೋಡಿದರು, ಅಪ್ಪನ ಮುಖ ನೋಡಲಿಲ್ಲ. "ಲಿವರ್ ಹೋಗಿದೆ. ಕುಡಿಯೋದು ಬಿಡಿಸಿ" ಎಂದರು.

"ನಾ ಕುಡಿಯಕಿಲ್ಲ ಸಾ" ಎಂದ ಅಪ್ಪ.

"ಎಲ್ಲರೂ ಹಾಗೇ ಹೇಳ್ತಾರೆ" ಎಂದರು ಅವರು.

ನಮ್ಮ ಕಡೆ ಲಿವರ್ ಎಂದರೆ ಕುಡಿತ. ಎರಡಕ್ಕೂ ಬೇರೆ ಬೇರೆ ಅರ್ಥವಿದೆ ಎಂದು ಯಾರೂ ಅಂದುಕೊಂಡಿಲ್ಲ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುವ ಜನ. ಅಪ್ಪ ಈಚಲ ಮರದ ಹತ್ತಿರಕ್ಕೂ ಹೋಗದೆ ಸಿಕ್ಕಿಬಿದ್ದ. ನೀರಿನ ಸರದಿಯಲ್ಲಿ ಅಪ್ಪನಿಂದ ಬೈಸಿಕೊಂಡವರು ಊರಲ್ಲಿ ಕಮ್ಮಿ ಇರಲಿಲ್ಲ. "ನಮಗೆಲ್ಲ ಶೀಲ ಹೇಳ್ಕೊಟ್ಟು, ತಾನು ತೂಬಿನ ಮರೇಲಿ ಏರುಸ್ತಿದ್ದ" ಎಂಬ ಮಾತು ಕಾಲುವೆ ನೀರಿಗಿಂತ ಬೇಗ ಎಲ್ಲ ಗದ್ದೆಗಳಿಗೂ ತಲುಪಿತು. ಅಪ್ಪನನ್ನು ಅಣ್ಣ ಅಣ್ಣ ಎನ್ನುತ್ತಿದ್ದ ನಿಂಗರಾಜು ಚಿಕ್ಕಪ್ಪ ಒಂದು ಭಾನುವಾರ ಬಂದು, "ಅಣ್ಣೋ, ನೀನು ಸುಧಾರಿಸ್ಕೊ. ವಂದನೆ ನಾ ಏಳ್ಕೊಡ್ತೀನಿ" ಎಂದ. ನಯವಾಗಿಯೇ ಹೇಳಿದ. ಅಪ್ಪ ಅವತ್ತಿನಿಂದ ಭವನಕ್ಕೆ ಹೋಗಲಿಲ್ಲ.

ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ. ಊರಿನದು ಹೋಗಲಿ, ಅವ್ವನೇ ನಂಬಲಿಲ್ಲ. ದಿನಾ ಸಂಜೆ ಅಪ್ಪ ಜಗುಲಿಗೆ ಬಂದು ಕೂತೊಡನೆ ಹತ್ತಿರ ಹೋಗಿ ಬಾಯಿ ಮೂಸುತ್ತಿದ್ದಳು. ಮೂಸಿ, ಮುಖ ಕಿವಿಚಿಕೊಂಡು ಒಳಗೆ ಹೋಗುತ್ತಿದ್ದಳು. "ಕುಡ್ದಿಲ್ಲ ಕಣೆ ಚಲುವಿ" ಎಂದು ಅವನು ಹೇಳುವುದು, "ನಾತ ಬತ್ತಾ ಅದೆ, ನನ್ ಮೂಗೇನು ಸುಳ್ಳಾ" ಎಂದು ಅವಳು ಒಳಗಿನಿಂದ ಕೂಗುವುದು. ರಕ್ತ ಕಾರಿಕೊಂಡು ಅಪ್ಪ ಸತ್ತ ಬೆಳಿಗ್ಗೆಯೂ ಅವನು ಕೊನೆಗೆ ಹೇಳಿದ್ದು ಅದೇ ಮಾತು. ಅವ್ವ ಅತ್ತಳು, ಆದರೆ ಸಿಟ್ಟಿನಿಂದ ಅತ್ತಳು.

ನಾನೊಬ್ಬಳು ಅಪ್ಪನನ್ನು ನಂಬಿದ್ದೆ. ಕೈಯಲ್ಲಿ ಪುರಾವೆ ಇಲ್ಲದವರಿಗೆ ಇರುವುದು ಬಾಯಿಯೊಂದೇ. ಮದುವೆ ಮನೆ, ಬೋರ್‌ವೆಲ್ ಕಟ್ಟೆ, ಬಸ್ಸು, ಎಲ್ಲೆಂದರಲ್ಲಿ ಜಗಳವಾಡಿದೆ. ಒಬ್ಬರೂ ಬದಲಾಗಲಿಲ್ಲ. "ಬೆಟ್ಟಯ್ಯನ ಮಗಳು ಜಗಳಗಂಟಿ" ಎಂಬ ಹೆಸರು ಮಾತ್ರ ಉಳಿಯಿತು.

ಅಪ್ಪ ಹೋಗಿ ಒಂಬತ್ತು ವರ್ಷವಾಗಿತ್ತು. ಒಂದು ಮಧ್ಯಾಹ್ನ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಟೈಮಿಗೆ ಕಾಯುತ್ತ ಕೂತಿದ್ದಾಗ ಪಕ್ಕದ ಮನೆಯ ಮದನ್ ಫೋನು ಮಾಡಿದ. ಎಮ್ಮೆಗೆ ಹುಲ್ಲು ಕೊಯ್ಯುವಾಗ ಅವ್ವನ ಎಡಗೈಗೆ ಕುಡುಗೋಲು ತಗುಲಿದೆ, ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಿದ್ದೇನೆ ಎಂದ. ಡ್ರೈವರ್ ನಂಜುಂಡೇಶನಿಗೆ ಹೇಳಿ, ಡಿಪೋಗೆ ತಿಳಿಸಿ, ಆಸ್ಪತ್ರೆಗೆ ಓಡಿದೆ. ಅಂಗೈಗೆ ಸುತ್ತಿದ್ದ ಟವೆಲ್ಲು ಪೂರ್ತಿ ನೆಂದಿತ್ತು. ಅಷ್ಟು ಹೊತ್ತಾದರೂ ರಕ್ತ ನಿಂತಿರಲಿಲ್ಲ.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಆಶಾರಾಣಿ ಎಂಬ ನರ್ಸು ಇದ್ದಳು. ಗಾಯ ತೊಳೆದು, ಒತ್ತಿ ಹಿಡಿದು, ಹೊಲಿಗೆಗೆ ಮುಂಚೆ ಪರೀಕ್ಷೆಗೆಂದು ಇನ್ನೊಂದು ತೋಳಿನಿಂದ ರಕ್ತ ತೆಗೆಯಲು ಬಂದವಳು ಅವ್ವನ ಮುಖ ನೋಡಿ ಕೇಳಿದಳು:

"ಅಮ್ಮ, ಇದೇ ರಕ್ತದಲ್ಲಿ ಹೆಪಟೈಟಿಸ್ ಸಿ ಅಂತ ಒಂದು ಟೆಸ್ಟೂ ಮಾಡ್ಲಾ? ಎಮರ್ಜೆನ್ಸಿಗೆ ಬರೋ ದೊಡ್ಡೋರಿಗೆಲ್ಲ ಕೇಳ್ತಾ ಇದ್ದೀವಿ. ಬೇಡ ಅಂದ್ರೆ ಬಿಡ್ತೀನಿ."

ನನಗೆ ಎಲ್ಲಿತ್ತೋ ಸಿಟ್ಟು. "ಕೈ ಕುಯ್ಕೊಂಡು ಬಂದೋರ್ಗೆ ಅದ್ಯಾಕ್ರೀ? ಮೊದ್ಲು ಹೊಲಿಗೆ ಹಾಕಿ. ರಕ್ತ ಸಿಕ್ತು ಅಂತ ಇರೋ ಬರೋ ಟೆಸ್ಟೆಲ್ಲ ಮಾಡ್ಬುಡದಾ?"

ಆ ಹುಡುಗಿ ಕೋಪ ಮಾಡಿಕೊಳ್ಳಲಿಲ್ಲ. "ಕೈ ಕುಯ್ಕೊಳ್ದೆ ಇದ್ದಿದ್ರೆ ನಿಮ್ಮ ತಾಯಿ ಆಸ್ಪತ್ರೆಗೆ ಬರ್ತಿದ್ರಾ?" ಎಂದಳು.

ಅವ್ವ ಕೊನೆಯದಾಗಿ ಆಸ್ಪತ್ರೆಯೊಳಗೆ ಕಾಲಿಟ್ಟದ್ದು ಅಪ್ಪನ ಜೊತೆ. ಜ್ವರ ಬಂದರೆ ಕಷಾಯ, ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನ ಗುಳಿಗೆ, ಅಷ್ಟರಲ್ಲೇ ಅವಳ ಕಾಲ ನಡೆದಿತ್ತು.

"ಮಾಡವ್ವ" ಎಂದಳು ಅವ್ವ. "ಚುಚ್ಚೋರ್ ಯಾರೂ ನನ್ನ ಕೇಳಿರ್ನಿಲ್ಲ. ನೀ ಕೇಳ್ದೆ. ಮಾಡು."

ಹೊಲಿಗೆ ಮುಗಿದು ಕಟ್ಟು ಕಟ್ಟುತ್ತಿರುವಾಗ ಡಾಕ್ಟರ್ ಮಧುಕುಮಾರ್ ಬಂದು ಸ್ಟೂಲ್ ಎಳೆದುಕೊಂಡು ಕೂತರು. ಇನ್ನೂ ಮೀಸೆ ಸರಿಯಾಗಿ ಬಲಿಯದ ಡಾಕ್ಟರು. ಟೆಸ್ಟು ಪಾಸಿಟಿವ್ ಬಂದಿದೆ, ಇದು ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್ಸು, ಈಗಲೂ ಮೈಯಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ರಕ್ತ ತೆಗೆದು ಮೈಸೂರಿಗೆ ಕಳಿಸಬೇಕು ಎಂದು ಬಿಡಿಸಿ ಹೇಳಿದರು. "ಇದು ಸದ್ದಿಲ್ಲದೆ ಲಿವರ್ ಕೆಡಿಸುತ್ತಮ್ಮ. ಭಯ ಬೇಡ. ಮೂರು ತಿಂಗಳು ಮಾತ್ರೆ ತಗೊಂಡ್ರೆ ವಾಸಿಯಾಗುತ್ತೆ. ಮಾತ್ರೆ ಪುಕ್ಕಟೆಯಾಗೇ ಸಿಗುತ್ತೆ."

ಲಿವರ್ ಎಂಬ ಮಾತು ಬಿದ್ದ ಕೂಡಲೇ ಅವ್ವನ ಮುಖ ಬಿಗಿದುಕೊಂಡಿತು. ಡಾಕ್ಟರು ಅದನ್ನು ಗಮನಿಸದೆ, ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಕುಡಿಯೋ ಅಭ್ಯಾಸ ಏನಾದ್ರೂ ಇದೆಯಾ?"

ಅವ್ವ ಎದ್ದಳು. ಕಟ್ಟಿನ ತುದಿ ಇನ್ನೂ ಜೋತಾಡುತ್ತಿತ್ತು. ಅದನ್ನು ಹಲ್ಲಿನಿಂದ ಕಚ್ಚಿ ಬಿಗಿದುಕೊಂಡು, ಸೆರಗು ಹೊದ್ದು, ಹೊರಗೆ ನಡೆದುಬಿಟ್ಟಳು.

ನರಸೀಪುರದಲ್ಲೇ ಇದ್ದ ನನ್ನ ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟರೂ ಕುಡಿಯಲಿಲ್ಲ. ಕೊನೆಗೆ ಗೋಡೆ ಕಡೆ ತಿರುಗಿ ಮಾತಾಡಿದಳು.

"ಲಿವರ್ರು ಅಂತ ಬೀದಿಗ್ ಗೊತ್ತಾದ್ರೆ ಏನಂತಾರೆ ಗೊತ್ತಾ? ಗಂಡನ್ ಜೊತೆ ಕೂತ್ಕಂಡು ಇವ್ಳೂ ಕುಡೀತಿದ್ಲು ಅಂತಾರೆ. ಒಂದ್ ಸಲ ತಲೆ ತಗ್ಗಿಸ್ಕಂಡು ಬಾಳಿದ್ದು ಸಾಕು. ಸತ್ರೂ ಆ ಮಾತ್ರೆ ಬ್ಯಾಡ ನಂಗೆ."

"ಅವ್ವ, ಮಾತ್ರೆ ತಗಂಡ್ರೆ ವಾಸಿ ಆಯ್ತದೆ ಅಂದ್ರಲ್ಲ."

"ಕಾಯ್ಲೆ ವಾಸಿ ಆಯ್ತದೆ. ಮಾತು ವಾಸಿ ಆದದಾ?"

ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಅಪ್ಪನ ಹೊಟ್ಟೆ ಊದಿದ್ದು, ನೀರು ತೆಗೆಸಿದ್ದು, ಮತ್ತೆ ಊದಿದ್ದು, ಎಲ್ಲ ನೋಡಿದವಳು ನಾನು. ಈಗ ಅದೇ ದಾರಿಯಲ್ಲಿ ಅವ್ವನೂ ಹೆಜ್ಜೆ ಇಟ್ಟಿದ್ದಾಳೆ, ದಾರಿಯಲ್ಲೇ ತಡೆಯುವವರು ಸಿಕ್ಕಿದ್ದಾರೆ, ಇವಳು ನಿಲ್ಲಲು ಒಲ್ಲಳು. ಜಗತ್ತಿನ ಮೇಲೆಲ್ಲ ಕೂಗಾಡಿದ ನನಗೆ ಅವಳ ಮೇಲೆ ಕೂಗಾಡಲು ಆಗಲಿಲ್ಲ. ಮಾರನೆಯ ದಿನವೇ ಎಮ್ಮೆಯ ನೆಪ ಹೇಳಿ ಊರಿಗೆ ಹೊರಟುಹೋದಳು. ಆಸ್ಪತ್ರೆಯಿಂದ ಬಂದ ಫೋನುಗಳನ್ನು ಎತ್ತಲಿಲ್ಲ.

ಫೋನು ಎತ್ತದಿದ್ದರೆ ಬಿಟ್ಟುಬಿಡುವ ಪೈಕಿಯಲ್ಲ ಆಶಾರಾಣಿ. ಅವಳ ಮನೆ ನಂಜನಗೂಡಿನಲ್ಲಿ. ಡ್ಯೂಟಿ ಮುಗಿಸಿ ಒಂದು ಸಂಜೆ ನನ್ನ ಬಸ್ಸನ್ನೇ ಹತ್ತಿದಳು. ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟ್ಟು ಹರಿದು ಕೊಡುವಾಗ ನನ್ನ ಕೈ ಹಿಡಿದುಕೊಂಡು, ಪಕ್ಕದವರಿಗೆ ಕೇಳಿಸದ ಹಾಗೆ, "ನಿಮ್ಮ ತಾಯಿ ಯಾಕೆ ಬರ್ತಿಲ್ಲ?" ಎಂದಳು.

ರಷ್ ಕಮ್ಮಿಯಾದ ಮೇಲೆ ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಅಪ್ಪನ ಹೊಟ್ಟೆ, ಭವನ, ಅವ್ವ ಬಾಯಿ ಮೂಸುತ್ತಿದ್ದದ್ದು. ಸ್ಟಾಪು ಬಂದಾಗ ಎದ್ದು ಹೋಗಿ ವಿಸಿಲ್ ಹೊಡೆದು, ಟಿಕೆಟ್ಟು ಕೊಟ್ಟು, ಮತ್ತೆ ಬಂದು ಬಿಟ್ಟಲ್ಲಿಂದ ಶುರು ಮಾಡಿದೆ. ಅತ್ತೂಬಿಟ್ಟೆ. ಇಷ್ಟು ವರ್ಷ ಈ ಕತೆಯನ್ನು ಎಷ್ಟೋ ಜನಕ್ಕೆ ಕೂಗಿ ಹೇಳಿದ್ದೆ. ಮೆಲ್ಲಗೆ ಹೇಳಿದ್ದು ಅವತ್ತೇ ಮೊದಲು, ಪೂರ್ತಿ ಕೇಳಿಸಿಕೊಂಡವಳೂ ಅವಳೇ ಮೊದಲು.

"ಹೊಲಿಗೆ ಬಿಚ್ಚಿಸೋಕಾದ್ರೂ ಕರ್ಕೊಂಡು ಬನ್ನಿ" ಎಂದಳು. "ಕುಡಿತದ ಮಾತು ನಾವು ಎತ್ತಲ್ಲ. ಇದು ಅವರ ಮೈಗೆ ಹೇಗೆ ಬಂತು ಅಂತ ಅಷ್ಟು ಕೇಳ್ತೀನಿ."

ಹೊಲಿಗೆಯ ದಾರ ಎಳೆಯತೊಡಗಿದ್ದರಿಂದ ಅವ್ವ ಬಂದಳು. ಬೇರೆ ಟೆಸ್ಟಿನ ಮಾತೆತ್ತಿದರೆ ಎದ್ದುಹೋಗುತ್ತೇನೆ ಎಂದು ದಾರಿಯಲ್ಲೇ ನನ್ನನ್ನು ಎಚ್ಚರಿಸಿದ್ದಳು. ಡಾಕ್ಟರ್ ಮಧುಕುಮಾರ್ ಮೊದಲು ಹೇಳಿದ್ದು, "ಅಮ್ಮ, ಅವತ್ತು ನಾನು ಕೇಳಿದ್ದು ನಿಮಗೆ ನೋವಾಯ್ತು. ತಪ್ಪು ತಿಳ್ಕೋಬೇಡಿ" ಎಂದು. ಅವ್ವ ಅವರ ಕಡೆ ನೋಡಲಿಲ್ಲ, ಆದರೆ ಕೈ ಚಾಚಿದಳು.

ಆಶಾರಾಣಿ ದಾರ ಕತ್ತರಿಸುತ್ತ, ಹೊತ್ತು ಕಳೆಯುವ ಮಾತಿನಂತೆ ಕೇಳಿದಳು. "ಮುಂಚೆಲ್ಲ ಜ್ವರ ಬಂದ್ರೆ ಯಾರ ಹತ್ರ ಹೋಗ್ತಿದ್ರಮ್ಮ?"

"ಎಲ್ಗೂ ಓಯ್ತಿರ್ನಿಲ್ಲ ಕಣವ್ವ. ಕಾಂಪೌಂಡ್ರು ಇದ್ರಲ್ಲ, ಸೈಕಲ್ ಮೇಲೆ ಬಾಗ್ಲಿಗೇ ಬರೋರು. ಎಂಥಾ ಕೈಗುಣ. ಸೂಜಿ ಚುಚ್ಚುದ್ರೆ ಸಂಜೆಗೆಲ್ಲ ಎದ್ದು ಕೆಲ್ಸಕ್ಕೆ ಓಗ್ಬೌದಿತ್ತು. ಈಗಿನ್ ಡಾಕ್ಟ್ರು ಸೂಜೀನೇ ಚುಚ್ಚಲ್ಲ." ಇದು ಮಧುಕುಮಾರರಿಗೆ ಕೊಟ್ಟ ಪೆಟ್ಟು. "ಅವ್ರು ಬಲೇ ಚೊಕ್ಕಟ. ಡಬ್ಬಿ ತುಂಬ ಸೂಜಿ ಮಡಗಿರೋರು. ಒಂದ್ ಮನೆಗೆ ಒಂದ್ ಸೂಜಿ. ಅವರ್ ಮನೇದು ಇವರ್ ಮನೆಗೆ ಆಕ್ತಿರ್ನಿಲ್ಲ."

"ಒಂದು ಮನೆಗೆ ಒಂದು ಅಂದ್ರೆ? ಮನೇಲಿ ಎಷ್ಟು ಜನಕ್ಕೆ ಜ್ವರ ಇದ್ರೂ ಅದೇನಾ?"

"ಊಂ ಮತ್ತೆ. ಇವ್ರಪ್ಪನ್ಗೆ ಚುಚ್ಚಿ, ಅದ್ರಲ್ಲೇ ನಂಗೂ. ಗಂಡ ಎಂಡ್ತಿ ಒಂದೇ ತಟ್ಟೇಲಿ ಉಣ್ಣಲ್ವಾ, ಒಂದೇ ಮೈ ಅಂತ ನಗಾಡೋರು. ಸಂಜೆಗೆ ಎಲ್ಲಾ ಸೂಜೀನೂ ಬಿಸ್ನೀರಲ್ಲಿ ಜಾಲ್ಸಿ ನಾಳೀಕೆ ಮಡಿಕ್ಕಳೋರು. ಚಿಕುನ್‌ಗುನ್ಯಾ ಬಂದಾಗಂತೂ ದಿನಾ ಚುಚ್ಚೋರು ಪಾಪ."

ಆಶಾರಾಣಿಯ ಕತ್ತರಿ ನಿಂತಿತು. ಅವಳು ಡಾಕ್ಟರ ಮುಖ ನೋಡಿದಳು. ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗಲು ಸೂಜಿಯ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಇದ್ದರೂ ಸಾಕು, ಬರೀ ಬಿಸಿನೀರಲ್ಲಿ ಜಾಲಿಸಿದರೆ ಇದು ಸಾಯುವುದಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ಆ ಕಾಂಪೌಂಡರನ್ನು ಒಂದು ಮಾತೂ ಬೈಯಲಿಲ್ಲ. ಆ ಮನುಷ್ಯ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಊರೆಲ್ಲ ಕೂಡಿ ಅವನ ತಿಥಿಗೆ ಅಕ್ಕಿ ಕೊಟ್ಟಿತ್ತು.

ಅವ್ವ ತನ್ನ ಅಂಗೈಯನ್ನೇ ನೋಡುತ್ತ ಕೂತಳು. ಏನೋ ಕೂಡಿಸಿ ಕಳೆಯುತ್ತಿದ್ದವಳ ಹಾಗೆ ಅವಳ ತುಟಿ ಅಲ್ಲಾಡುತ್ತಿತ್ತು.

"ನಾ ಕುಡ್ದೋಳಲ್ಲ" ಎಂದಳು. "ಆದ್ರೂ ನಂಗೆ ಬಂದದೆ."

"ಹೌದಮ್ಮ."

"ಅದೇ ಸೂಜಿ ಮೊದ್ಲು ಅವ್ರಿಗೆ ಚುಚ್ತಿದ್ರು."

ಅವ್ವ ಮೊದಲ ಸಲ ಡಾಕ್ಟರ ಮುಖವನ್ನು ನೆಟ್ಟಗೆ ನೋಡಿದಳು.

"ಅಂಗಾರೆ ಸಾಮಿ, ಅವ್ರೂ ಕುಡ್ದಿರ್ನಿಲ್ವಾ?"

ಮಧುಕುಮಾರ್ ಸುಳ್ಳು ಹೇಳಲಿಲ್ಲ. ಅದಕ್ಕೂ ನಾನು ಅವರಿಗೆ ಋಣಿ. "ಅವರ ರಕ್ತ ನಾನು ನೋಡಿಲ್ಲಮ್ಮ, ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ಜನ್ಮದಲ್ಲಿ ಒಂದು ಹನಿ ಮುಟ್ಟದೋರ ಲಿವರನ್ನೂ ಈ ವೈರಸ್ಸು ಹಾಳು ಮಾಡುತ್ತೆ. ಹೊಟ್ಟೇಲಿ ನೀರು ತುಂಬುತ್ತೆ, ಕಾಲು ಊದುತ್ತೆ, ರಕ್ತ ವಾಂತಿ ಆಗುತ್ತೆ."

"ಬಾಯಿ ನಾತ ಬತ್ತಿತ್ತು. ನಾನೇ ಮೂಸ್ತಿದ್ದೆ. ಒಂಥರಾ ಸೀ ಸೀ, ಕೊಳೆತಂಗೆ."

"ಲಿವರ್ ಪೂರ್ತಿ ಸೋತಾಗ ಉಸಿರಿಗೇ ಅಂಥ ವಾಸನೆ ಬರುತ್ತಮ್ಮ. ಕುಡಿದಿರಲೇಬೇಕು ಅಂತೇನಿಲ್ಲ."

ಅವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು, ಅರ್ಧ ಬಿಚ್ಚಿದ ಹೊಲಿಗೆಯ ಕೈಯೂ ಸೇರಿದಂತೆ. ಅಪ್ಪ ಸತ್ತಾಗ ಅಳದ ಅಳುವನ್ನು ಅವಳು ಆ ತುರ್ತು ಕೋಣೆಯಲ್ಲಿ, ಪಕ್ಕದ ಮಂಚದಲ್ಲಿ ಚೇಳು ಕಡಿದವನೊಬ್ಬ ನರಳುತ್ತಿರುವಾಗ, ಅತ್ತಳು. "ಅಯ್ಯೋ ನನ್ನಪ್ಪ, ಕೊನೆಗಂಟ ಏಳ್ದೆಯಲ್ಲೋ" ಎಂದು ಅಪ್ಪನನ್ನು ಕರೆದು ಅತ್ತಳು. ಆಶಾರಾಣಿ ಅವಳ ಬೆನ್ನು ಸವರುತ್ತ ನಿಂತಳು. ನಾನು ಬಾಗಿಲು ಹಿಡಿದು ನಿಂತಿದ್ದೆ. ಇಷ್ಟು ವರ್ಷ ನಾನು ಕಾದಿದ್ದ ಪುರಾವೆ ಬೇರೆಲ್ಲೂ ಇರಲಿಲ್ಲ, ನನ್ನ ಅವ್ವನ ಮೈಯೊಳಗೇ ಇತ್ತು. ಗೆದ್ದೆ ಎನಿಸಲಿಲ್ಲ. ಅಪ್ಪ ಬೇಕು ಎನಿಸಿತು, ಅಷ್ಟೆ.

ಅಳು ಮುಗಿದ ಮೇಲೆ ಅವ್ವ ಮೂಗು ಒರೆಸಿಕೊಂಡು ಬಲತೋಳು ಚಾಚಿದಳು. "ತಕ್ಕವ್ವ, ಮೈಸೂರ್ಗೆ ಎಷ್ಟ್ ಬೇಕೋ ಅಷ್ಟ್ ತಕ್ಕಂಡು ಕಳ್ಸು."

"ನೀವೂ ಕೂತ್ಕೊಳ್ಳಿ" ಎಂದು ಆಶಾರಾಣಿ ನನ್ನನ್ನೂ ಕೂರಿಸಿದಳು. ಒಂದು ಮನೆಗೆ ಒಂದು ಸೂಜಿ ಎಂದರೆ ಆ ಮನೆಯಲ್ಲಿ ನಾನೂ ಇದ್ದವಳಲ್ಲವೇ. ನನ್ನದು ನೆಗೆಟಿವ್ ಬಂತು. ಅದು ಹೇಗೆ ತಪ್ಪಿಸಿಕೊಂಡೆ ಎಂದು ಎಲ್ಲರಿಗೂ ಆಶ್ಚರ್ಯ. ಅವ್ವನಿಗೆ ಮಾತ್ರ ಇಲ್ಲ. "ಇವ್ಳು ಚಿಕ್ಕೋಳಿದ್ದಾಗ ಕಾಂಪೌಂಡ್ರು ಕೈ ಕಚ್ಚಿ ರಕ್ತ ಬರ್ಸಿದ್ಲು. ಆಮೇಲೆ ಇವ್ಳ ಸಾವಾಸಕ್ಕೇ ಅವ್ರು ಬರ್ನಿಲ್ಲ" ಎಂದಳು. ಆಸ್ಪತ್ರೆಯವರೆಲ್ಲ ನಕ್ಕರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ನನ್ನನ್ನು ಆಡಿಕೊಂಡವರು ಎಷ್ಟೋ ಮಂದಿ. ಒಂದು ಸಲವಾದರೂ ಆ ಗುಣ ನನ್ನನ್ನು ಕಾಪಾಡಿತ್ತು.

ಮೈಸೂರಿನ ರಿಪೋರ್ಟಿನಲ್ಲಿ ವೈರಸ್ಸು ಇನ್ನೂ ಇದೆ ಎಂದು ಬಂತು. ಲಿವರ್ ಗಟ್ಟಿಯಾಗಲು ಶುರುವಾಗಿತ್ತು, ಕೈ ಮೀರಿರಲಿಲ್ಲ. ಇನ್ನು ಕೆಲವು ವರ್ಷ ಬಿಟ್ಟು ಹೊಟ್ಟೆ ಊದಿಕೊಂಡು ಬಂದಿದ್ದರೆ ನಮ್ಮಿಂದ ಹೆಚ್ಚೇನೂ ಮಾಡಲು ಆಗುತ್ತಿರಲಿಲ್ಲ ಎಂದರು ಡಾಕ್ಟರು. ಮಾತ್ರೆ ಶುರುವಾಯಿತು. ನುಂಗಿದ ಕೂಡಲೇ ಅವ್ವ ನನಗೆ ಫೋನು ಮಾಡಿ "ಆಯ್ತು" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು. ಆದರೆ ಬೀದಿಯವರಿಗೆ ಹೇಳಕೂಡದು ಎಂಬ ಷರತ್ತು ಮಾತ್ರ ಹಾಗೇ ಉಳಿಯಿತು. "ಅವ್ರು ಆಗ್ಲೂ ನಂಬ್ನಿಲ್ಲ, ಈಗ್ಲೂ ನಂಬಲ್ಲ" ಎನ್ನುವಳು. ನಾನು ಅಷ್ಟು ತಿಂಗಳು ಬಾಯಿ ಮುಚ್ಚಿಕೊಂಡು ಇದ್ದೆ. ಅವ್ವನ ಮಾತ್ರೆಗಿಂತ ಅದು ಕಹಿ. ಅದಕ್ಕಿಂತ ಹೆಚ್ಚಾಗಿ, ಆ ಕಾಂಪೌಂಡರ ಸೈಕಲ್ಲು ನಮ್ಮ ಬೀದಿಯ ಎಲ್ಲ ಬಾಗಿಲಲ್ಲೂ ನಿಲ್ಲುತ್ತಿತ್ತು ಎಂಬ ಯೋಚನೆ ನನ್ನನ್ನು ಕೊರೆಯುತ್ತಿತ್ತು. ಆಶಾರಾಣಿಯೂ ಅದನ್ನೇ ಹೇಳುತ್ತಿದ್ದಳು. ಹೇಳಬೇಕಾದವರು ನಿಮ್ಮ ತಾಯಿಯೇ, ನಾವು ಬಲವಂತ ಮಾಡುವಂತಿಲ್ಲ ಎಂದೂ ಹೇಳುತ್ತಿದ್ದಳು.

ಮಾತ್ರೆ ಮುಗಿದು, ಮತ್ತೆ ಮೂರು ತಿಂಗಳು ಬಿಟ್ಟು ಕೊನೆಯ ಟೆಸ್ಟು. ವೈರಸ್ ಇಲ್ಲ ಎಂದು ರಿಪೋರ್ಟು ಬಂತು. ಲಿವರ್ ಹೇಗಿದೆ ಎಂದು ಆಗಾಗ ಬಂದು ತೋರಿಸಿಕೊಂಡರೆ ಸಾಕು ಎಂದರು. ಅವ್ವ ಆಶಾರಾಣಿಗೆಂದು ಮನೆಯ ಹೊಲದ ಅವರೆಕಾಯಿ ತಂದಿದ್ದಳು. ಬೇಡ ಎಂದರೂ ಕೇಳದೆ ಅವಳ ಬ್ಯಾಗಿಗೆ ತುರುಕಿ, ಅವಳ ಎರಡೂ ಕೆನ್ನೆ ಸವರಿ, "ನೀ ಕೇಳ್ನಿಲ್ಲ ಅಂದಿದ್ರೆ ನಂಗ್ ಅವ್ರು ಸಿಕ್ತಿರ್ನಿಲ್ಲ ಕಣ್ಮಗ" ಎಂದಳು. ತನ್ನ ಜೀವ ಉಳಿದದ್ದನ್ನು ಹೇಳಲಿಲ್ಲ, ಗಂಡ ಸಿಕ್ಕಿದ್ದನ್ನು ಹೇಳಿದಳು. ನಾನು ದೇವರು ದಿಂಡರು ಎಂದು ಕೈ ಮುಗಿಯುವವಳಲ್ಲ. ಅವತ್ತು ಆ ತುರ್ತು ಚಿಕಿತ್ಸೆಯ ಬಾಗಿಲಿಗೆ ಕೈ ಮುಗಿದೆ.

ಅವತ್ತೇ ಸಂಜೆ ಅವ್ವ ನನ್ನ ಬಸ್ಸಿನಲ್ಲೇ ಊರಿಗೆ ಹೊರಟಳು. ಬಾಗಿಲ ಹತ್ತಿರದ ಸೀಟಿನಲ್ಲಿ ಕೂರಿಸಿದ್ದೆ. ನರಸೀಪುರದ ಸಂತೆ ಮುಗಿಸಿಕೊಂಡು ನಮ್ಮ ಬೀದಿಯವರೂ ಹತ್ತಿದರು. ನಿಂಗರಾಜು ಚಿಕ್ಕಪ್ಪ ಹೆಂಡತಿಯೊಂದಿಗೆ ಅವ್ವನ ಎದುರು ಸೀಟಿನಲ್ಲೇ ಬಂದು ಕೂತ. ಅವನ ಕಾಲು ಬಾತಿರುವುದು ನನ್ನ ಕಣ್ಣಿಗೆ ಬಿತ್ತು. ಅವ್ವನೂ ನೋಡಿದಳು.

"ಏನತ್ಗೆ, ಆಸ್ಪತ್ರೆಗ್ ಓಡಾಡ್ತಾನೇ ಇದ್ದೀಯಲ್ಲ" ಎಂದ. "ಕೈ ಇನ್ನೂ ವಾಸಿ ಆಗ್ನಿಲ್ವಾ?"

"ಕೈ ಆಗ್ಲೇ ವಾಸಿ ಆಯ್ತು. ಇವತ್ತು ಲಿವರ್ರೂ ವಾಸಿ ಆಯ್ತು ಅಂದ್ರು" ಎಂದಳು ಅವ್ವ.

ಅವಳು ಮೆಲ್ಲಗೆ ಹೇಳಲಿಲ್ಲ. ಹಿಂದಿನ ಸೀಟಿನವರಿಗೂ ಕೇಳಿಸಿತು. ಟಿಕೆಟ್ ಮಿಷನ್ನಿನ ಮೇಲೆ ನನ್ನ ಬೆರಳು ಹಾಗೇ ನಿಂತಿತು.

ಚಿಕ್ಕಪ್ಪ ಗಲಿಬಿಲಿಯಾಗಿ ಆಚೀಚೆ ನೋಡಿದ. "ಲಿವರ್ರಾ? ನಿಂಗಾ?"

"ಊಂ. ನಂಗೇ. ನಾ ಕುಡೀತಿದ್ನೇನಪ್ಪ?"

"ಥೂ, ಬುಡ್ತು ಅನ್ನು. ನಿನ್ನ ಯಾರಾರ ಅಂಗಂದಾರಾ?"

"ಅಂಗಾರೆ ನಿಮ್ಮಣ್ಣನ್ಗೆ ಯಾಕಂದ್ರಿ?"

ಒಂಬತ್ತು ವರ್ಷದಿಂದ ಈ ಮನುಷ್ಯನಿಗೆಂದು ನಾನು ಕೂಡಿಟ್ಟ ಮಾತುಗಳು ಗಂಟಲ ತನಕ ಬಂದವು. ಅವ್ವ ಕೈ ಎತ್ತಿ ನನ್ನನ್ನು ತಡೆದಳು. ಕಾಂಪೌಂಡರ ಸೂಜಿಯಿಂದ ಹಿಡಿದು ಡಾಕ್ಟರು ಹೇಳಿದ್ದರ ತನಕ ಎಲ್ಲವನ್ನೂ, ಅಡುಗೆ ಹೇಳಿಕೊಡುವ ಹಾಗೆ ಒಂದಾದ ಮೇಲೊಂದು ಹೇಳಿದಳು. ಚಿಕ್ಕಪ್ಪನ ಹೆಂಡತಿ ತನಗೆ ಗೊತ್ತಿಲ್ಲದೆಯೇ ತೋಳು ಉಜ್ಜಿಕೊಳ್ಳುತ್ತಿದ್ದಳು.

"ನಂಗೂ ಆಣೆ ಮಾಡಿ ಏಳಿದ್ದ ಕಣತ್ಗೆ" ಎಂದ ಚಿಕ್ಕಪ್ಪ ಕೊನೆಗೆ. "ನಾ ನಂಬ್ನಿಲ್ಲ."

"ನಿಂದೇನದೆ ಬುಡು. ಪಕ್ಕದಲ್ ಮಲಗೋಳು ನಾನೇ ನಂಬ್ನಿಲ್ಲ. ಆ ಮನ್ಸನ್ಗೆ ಈ ಟೆಸ್ಟು ಯಾರೂ ಮಾಡ್ನಿಲ್ಲ, ಓದ. ನಾನು ಉಳ್ಕಂಡೆ. ನೀನು ಕಾಲ್ ಊದುಸ್ಕಂಡು ಕೂತಿದ್ದೀಯ. ನಾಳೆ ಬೆಳಿಗ್ಗೆ ಗಂಡ ಎಂಡ್ತಿ ಇಬ್ರೂ ಒರ್ಡಿ, ನಾನೇ ಕರ್ಕಂಡೋಯ್ತೀನಿ. ಆಶಾರಾಣಿ ಅಂತ ಒಬ್ಳವ್ಳೆ. ಕೇಳ್ಬುಟ್ಟೇ ಚುಚ್ಚದು."

ಹಿಂದಿನಿಂದ ಒಬ್ಬ ಹೆಂಗಸು, "ಚಲುವಕ್ಕ, ನಮ್ಮನೆಗೂ ಅದೇ ಕಾಂಪೌಂಡ್ರು ಕಣಕ್ಕ" ಎಂದಳು. "ನೀನೂ ಬಾ" ಎಂದಳು ಅವ್ವ.

ನಮ್ಮೂರು ಬಂದಿತ್ತು. ನಂಜುಂಡೇಶ ಕನ್ನಡಿಯಲ್ಲಿ ನೋಡಿ, "ಯಶೋಧರಕ್ಕ, ವಿಸಿಲ್ ಹೊಡಿಯಕ್ಕ" ಎಂದ. ನನಗೆ ಊದಲು ಉಸಿರಿರಲಿಲ್ಲ. ಯಾರೋ ಬಸ್ಸಿನ ಮೈ ತಟ್ಟಿದರು, ಬಸ್ಸು ನಿಂತಿತು. ಅವ್ವ ಮೊದಲು ಇಳಿದಳು. ಚಿಕ್ಕಪ್ಪ ಸಂತೆಯ ಚೀಲ ಹಿಡಿದು ನನ್ನ ಮುಂದೆ ಬಂದವನು ಮೆಟ್ಟಿಲ ಮೇಲೆಯೇ ನಿಂತ. ಹಿಂದಿನವರು ಅವಸರ ಮಾಡುತ್ತಿದ್ದರು.

"ನಿಮ್ಮಪ್ಪ ಕುಡೀತಿರ್ನಿಲ್ಲ ಕಣವ್ವ" ಎಂದ.

ಈ ಒಂದು ಮಾತನ್ನು ಆ ಬಾಯಿಂದ ಹೊರಡಿಸಲು ನಾನು ಎಷ್ಟು ಜಗಳವಾಡಿದ್ದೆ. ಬಂದಾಗ ನನ್ನ ಬಾಯಲ್ಲಿ ಜಗಳ ಉಳಿದಿರಲಿಲ್ಲ.

"ಉಷಾರಾಗಿ ಇಳಿ ಚಿಕ್ಕಪ್ಪ" ಎಂದು ಅವನ ತೋಳು ಹಿಡಿದುಕೊಂಡೆ.